ಏಳು ದೂರುಗಳು

ಬೆಡ್‌ಶೀಟಿನ ಅಂಚನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಎರಡು ಮೂಲೆಗಳನ್ನು ತೋಳು ಚಾಚುವಷ್ಟೂ ಚಾಚಿ, ಮಡಿಕೆ ಮೂರನೆಯ ಸಲವೂ ಓರೆಯಾಗಿ ಬಂದಾಗ ಅವಳು ಅದನ್ನು ಮತ್ತೆ ಕೊಡವಿದಳು. ಆಸ್ಪತ್ರೆಯ ಬೆಡ್‌ಶೀಟು ಒಬ್ಬರೇ ಮಡಿಸುವಂಥದ್ದಲ್ಲ. ಆ ತುದಿಯಲ್ಲೊಬ್ಬರು ಈ ತುದಿಯಲ್ಲೊಬ್ಬರು ನಿಂತು ಎಳೆದು, ಜಾಡಿಸಿ, ಅರ್ಧಕ್ಕೆ ಮಡಿಸಿ, ನಡೆದು ಬಂದು ಎದುರುಬದುರಾಗಿ ನಿಂತು, ಕೈಯಿಂದ ಕೈಗೆ ಮೂಲೆ ದಾಟಿಸಬೇಕು. ಮೂರು ವಾರದ ಹಿಂದಿನವರೆಗೆ ಆ ತುದಿಯಲ್ಲಿ ಗಿಳಿ ಇದ್ದಳು. ಗಿಳಿ ಎನ್ನುವುದು ಇವಳು ಮನಸ್ಸಿನಲ್ಲೇ ಇಟ್ಟ ಹೆಸರು. ಅವಳೂ ಹೊರದೇಶದವಳೇ, ಆದರೆ ಬೇರೆ ದಿಕ್ಕಿನಿಂದ ಬಂದವಳು. ಇಬ್ಬರ ನಡುವೆ ಈ ದೇಶದ ಭಾಷೆಯ ಹತ್ತು ಹನ್ನೆರಡು ಪದಗಳಿದ್ದವು, ಅಷ್ಟೆ: ಬಿಸಿ, ಒದ್ದೆ, ಎತ್ತು, ಸಾಕು, ಊಟ. ಅದು ಸಾಲದೆಂದು ಗಿಳಿ ತನ್ನ ಭಾಷೆಯಲ್ಲೇ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದಳು. ಒಗೆಯುವ ಯಂತ್ರಗಳ ಗುಡುಗನ್ನೂ ಮೀರಿ ಮಾತು. ಒಂದು ಬೆಡ್‌ಶೀಟಿಗೆ ಒಂದು ಕಥೆ. ಇವಳು ಒಂದಕ್ಷರವೂ ತಿಳಿಯದೆ ತಲೆಯಾಡಿಸುತ್ತಿದ್ದಳು. ಗಿಳಿ ನಕ್ಕಾಗ ನಕ್ಕು, ಮುಖ ಸಣ್ಣದು ಮಾಡಿದಾಗ ತಾನೂ ಮಾಡಿ. ಒಂದು ಸೋಮವಾರ ಗಿಳಿಯ ಜಾಗ ಖಾಲಿಯಿತ್ತು. ಆಮೇಲೆ ಎರಡು ಸಲ ಆಸ್ಪತ್ರೆಯೊಳಗಿನ, ನಡುಮನೆಯಷ್ಟು ಅಗಲದ ಓಣಿಯಲ್ಲಿ ಎದುರಾದಳು. ನೆಲ ಒರೆಸುವ ಬಟ್ಟೆಗಳ ಗಾಡಿ ತಳ್ಳಿಕೊಂಡು, ಗೋಡೆಯನ್ನೇ ನೋಡುತ್ತಾ ಹೋದಳು. ತಾನು ಏನು ಮಾಡಿದೆ ಎಂದು ಇವಳು ಮೂರು ವಾರ ತಲೆ ಕೆಡಿಸಿಕೊಂಡಿದ್ದಳು. ತಲೆಯಾಡಿಸುವುದರಲ್ಲಿ ಎಲ್ಲೋ ತಪ್ಪಾಗಿರಬೇಕು. ಅಳಬೇಕಾದ ಕಡೆ ನಕ್ಕಿರಬೇಕು.

ಮೇಲ್ವಿಚಾರಕಿ ಬಂದು ಅವಳ ಭುಜ ಮುಟ್ಟಿದಳು. ಬೆರಳಿನಿಂದ ಮೇಲಕ್ಕೆ, ಮಹಡಿಯ ಕಡೆ ತೋರಿಸಿದಳು. ಮಡಿಸದ ಬೆಡ್‌ಶೀಟನ್ನು ಮೇಜಿನ ಮೇಲೆ ಇಟ್ಟು ಅವಳು ಹೊರಟಳು. ಮಹಡಿಗೆ ಕರೆಸಿಕೊಂಡವರು ಸಾಮಾನ್ಯವಾಗಿ ಪೆಟ್ಟಿಗೆ ಕಟ್ಟಿಕೊಂಡೇ ಇಳಿಯುತ್ತಾರೆ ಎಂಬುದು ಇಲ್ಲಿ ಯಾರೂ ಹೇಳದೆಯೇ ಗೊತ್ತಾಗುವ ಸಂಗತಿ. ಹೆಬ್ಬೆರಳಿನ ಸುಟ್ಟ ಗಾಯ ಚುರುಗುಟ್ಟಿತು. ಹೋದ ತಿಂಗಳು ಇಸ್ತ್ರಿ ಯಂತ್ರದ ಉರುಳೆಗೆ ತಾಗಿದ್ದು. ರಜೆ ಕೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೆ ಒಬ್ಬಳಿಗೆ ಬಿಟ್ಟು.

ಓಣಿಯ ತಿರುವಿನಲ್ಲಿ ಅವಳು ಕಾಗದ ಹಾಕುವ ಪೆಟ್ಟಿಗೆ ಇತ್ತು. ಗೋಡೆಗೆ ಜಡಿದ ಮರದ ಪೆಟ್ಟಿಗೆ, ಮೇಲೊಂದು ಸೀಳು, ಸೀಳಿನ ಮೇಲೆ ಲಕೋಟೆಯ ಚಿತ್ರ. ಪಕ್ಕದ ಕಪಾಟಿನಲ್ಲಿ ಲಕೋಟೆಗಳ ಕಟ್ಟು, ದಾರ ಕಟ್ಟಿದ ಪೆನ್ನು. ಬಂದ ದಿನವೇ ಹೊಸಬರನ್ನೆಲ್ಲ ಸಾಲಾಗಿ ನಿಲ್ಲಿಸಿ ಮೇಲ್ವಿಚಾರಕಿ ಎಲ್ಲವನ್ನೂ ಕೈಸನ್ನೆಯಲ್ಲೇ ತೋರಿಸಿದ್ದಳು: ಇದು ಕಕ್ಕಸು, ಇದು ಕುಡಿಯುವ ನೀರು, ಇದು ಬೆಂಕಿ ಹತ್ತಿದರೆ ಓಡುವ ಬಾಗಿಲು. ಪೆಟ್ಟಿಗೆಯ ಮುಂದೆ ನಿಂತು ಎದೆ ಮುಟ್ಟಿಕೊಂಡು, ಗಾಳಿಯಲ್ಲಿ ಬರೆದು, ಸೀಳಿನಲ್ಲಿ ಹಾಕಿದಂತೆ ಮಾಡಿ, ದೂರಕ್ಕೆ ಕೈಬೀಸಿದ್ದಳು. ಬೆರಳುಗಳನ್ನು ಉಜ್ಜಿ, ಖರ್ಚಿಲ್ಲ ಎಂದು ತೋರಿಸಿದ್ದಳು. ಲಕೋಟೆಯ ಮೇಲೆ ಮೊದಲೇ ಏನೋ ಅಚ್ಚಾಗಿತ್ತು, ಅದರ ಕೆಳಗೆ ಬರೆಯಲು ನಾಲ್ಕು ಗೆರೆ. ಅವಳು ಅಂದೇ ಕೂತು ಆ ನಾಲ್ಕು ಗೆರೆಗಳ ಮೇಲೆ ಅಕ್ಕನ ವಿಳಾಸ ಬರೆದಿದ್ದಳು, ತನ್ನ ಅಕ್ಷರದಲ್ಲೇ. ಊರಲ್ಲಿ ಹಾಗೆ ಬರೆದರೆ ಅಂಚೆಯವನು ಸೀದಾ ಅಂಗಡಿಗೆ ತಂದುಕೊಡುತ್ತಿದ್ದ. ಮೊದಲ ಕಾಗದದ ಮೊದಲ ಸಾಲಿನಲ್ಲೇ ಈ ದೇಶವನ್ನು ಹೊಗಳಿದ್ದಳು: ಇಲ್ಲಿ ಕೆಲಸದವರ ಕಾಗದಕ್ಕೆ ಅಂಚೆಚೀಟಿಯೂ ಬೇಡ ಅಕ್ಕಾ, ಲಕೋಟೆಯೂ ಅವರದ್ದೇ, ಎಂಥ ದೊಡ್ಡ ಮನಸ್ಸು ನೋಡು. ಕಾಗದ ಹಾಕಿದಾಗಲೆಲ್ಲ ಪೆಟ್ಟಿಗೆಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ಟಪ್ ಎಂದು ಬಿದ್ದ ಸದ್ದು ಕೇಳಿದ ಮೇಲೆಯೇ ಹೆಜ್ಜೆ ಕೀಳುವುದು. ಅಷ್ಟು ಸ್ಪಷ್ಟವಾಗಿ ಬೀಳುತ್ತಿತ್ತು. ಆ ಸದ್ದು ಅಕ್ಕನ ಬಾಗಿಲಿನ ಸದ್ದೆಂದೇ ಅವಳು ಎಣಿಸಿದ್ದಳು. ಎಂಟು ತಿಂಗಳಲ್ಲಿ ಏಳು ಸಲ ಆ ಸದ್ದು. ಅತ್ತ ಕಡೆಯಿಂದ ಒಂದು ಸಾಲೂ ಇಲ್ಲ.

ಅಕ್ಕ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದೇ ಅವಳು ತಿಳಿದಿದ್ದಳು. ಅಕ್ಕನಿಗೆ ಹನ್ನೆರಡು ತುಂಬಿದ ವರ್ಷ ಜ್ವರ ಬಂದು ಕಿವಿ ಹೋಗಿತ್ತು. ಆಗ ಇವಳಿಗೆ ಐದು. ಶಾಲೆಗೆ ಹೋಗುವ ಮೊದಲೇ ಇವಳಿಗೆ ಅಕ್ಷರ ತಿದ್ದಿಸಿದವಳು ಅಕ್ಕನೇ, ತನಗೆ ತುರ್ತಿತ್ತಲ್ಲ. ಅಂದಿನಿಂದ ಅಕ್ಕ ಬಾಯಲ್ಲಿ, ಇವಳು ಸ್ಲೇಟಿನಲ್ಲಿ. ಅಪ್ಪ ಅಮ್ಮ ಹೋದ ಮೇಲೂ, ಇಬ್ಬರೂ ಸೇರಿ ಇಸ್ತ್ರಿ ಅಂಗಡಿ ಇಟ್ಟ ಮೇಲೂ ಅದೇ ಸ್ಲೇಟು ಬಾಗಿಲ ಮೊಳೆಗೆ ನೇತಾಡುತ್ತಿತ್ತು. ನೀಲಿ ಸೀರೆ ನಾಳೆ ಬೆಳಿಗ್ಗೆ. ಮಾಸ್ತರರ ಪಂಚೆಗೆ ಗಂಜಿ ಬೇಡ. ಆ ಹೆಂಗಸು ನಿನ್ನ ಮೂಗಿನ ಬಗ್ಗೆ ಏನೋ ಅಂದಳು, ಹೇಳಲ್ಲ. ಅಕ್ಕ ಓದಿ, ಇಡೀ ಬೀದಿಗೆ ಕೇಳುವ ಹಾಗೆ “ಅವಳ ಮೂಗೇನು ಸಂಪಿಗೆ ಎಸಳಾ?” ಎಂದು ಗದರಿ, ಒದ್ದೆ ಅಂಗೈಯಿಂದ ಒರೆಸುತ್ತಿದ್ದಳು. ಆ ಮನೆಯಲ್ಲಿ ಇವಳಾಡಿದ ಯಾವ ಮಾತೂ ಅರೆಗಳಿಗೆಗಿಂತ ಹೆಚ್ಚು ಹೊತ್ತು ಉಳಿದದ್ದಿಲ್ಲ. ಜಗಳವಾಡಿದರೂ ಅಷ್ಟೆ, ಬರೆದು ಮುಗಿಸುವಷ್ಟರಲ್ಲಿ ಅಕ್ಕನ ಅಂಗೈ ಬಂದಿರುತ್ತಿತ್ತು. ಇಲ್ಲಿಗೆ ಕೆಲಸಕ್ಕೆ ಕರೆದ ಕಾಗದ ಕೈಸೇರಿದ ದಿನ ಮಾತ್ರ ಹಾಗಾಗಲಿಲ್ಲ. “ನಾನೊಬ್ಳೇ ಅಂಗಡಿ ಹೇಗೆ ನಡೆಸ್ಲಿ? ಗಿರಾಕಿ ಏನು ಹೇಳ್ತಾರೆ ಅಂತ ನಂಗೆ ಯಾರು ಬರೆದು ತೋರಿಸ್ತಾರೆ?” ಎಂದಳು ಅಕ್ಕ. ಇವಳು ಬಳಪ ಮುರಿಯುವ ಹಾಗೆ ಒತ್ತಿ ಬರೆದಳು: ನಲವತ್ತು ವರ್ಷ ನಿನ್ನ ಕಿವಿಯಾಗಿ ಬದುಕಿದ್ದು ಸಾಕು. ಅಕ್ಕ ಓದಿದಳು. ಇವಳು ಅವಳ ಅಂಗೈಗಾಗಿ ಕಾದಳು. ಅಕ್ಕ ಒರೆಸಲಿಲ್ಲ. ಸ್ಲೇಟನ್ನು ಹಾಗೇ ಒಯ್ದು ಮೊಳೆಗೆ ಹಾಕಿದಳು, ಬರಹ ಹೊರಗೆ ಕಾಣುವಂತೆ. ಹೊರಡುವ ದಿನ ಪೆಟ್ಟಿಗೆ ಎತ್ತಿಕೊಟ್ಟು, ಸ್ಲೇಟಿನ ಕಡೆ ಬೆರಳು ಮಾಡಿ ಹೇಳಿದ್ದಿಷ್ಟು: “ತಲುಪಿದ ದಿನ ಎರಡು ಸಾಲು ಬರಿ. ಬಂದ್ರೆ ಅದನ್ನ ಒರೆಸ್ತೀನಿ. ಬರ್ಲಿಲ್ಲ ಅಂದ್ರೆ ನಿನ್ನ ಕೊನೇ ಮಾತು ಅದೇ ಅಂದ್ಕೋತೀನಿ.”

ಮಹಡಿಯ ಕೋಣೆಯಲ್ಲಿ ಮೂವರಿದ್ದರು. ಮೇಜಿನ ಹಿಂದೆ ಕನ್ನಡಕದ ಅಧಿಕಾರಿ. ಅವನ ಮುಂದೆ ಹಳದಿ ಕಡತ. ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತೆ. ಕಿಟಕಿಯ ಬಳಿ ಮೂವತ್ತರ ಆಸುಪಾಸಿನ ಒಬ್ಬಳು, ಕೊರಳಿಗೆ ಗುರುತಿನ ಚೀಟಿ. ಅವಳು ಎದ್ದುನಿಂತು, “ಬನ್ನಿ ಅಮ್ಮಾ, ಕೂತ್ಕೊಳ್ಳಿ. ಗಾಬರಿ ಆಗ್ಬೇಡಿ” ಎಂದಳು.

ಇವಳ ಕಾಲು ಅಲ್ಲೇ ನಿಂತಿತು. ಎಂಟು ತಿಂಗಳಿಂದ ತನ್ನ ಬಾಯಿಯ ಹೊರಗೆ ಎಲ್ಲೂ ಕೇಳದ ಮಾತು. ಅಮ್ಮಾ ಎಂದದ್ದು ಕಿವಿಗೆ ಬಿದ್ದು, ಒಳಗೆ ಇಳಿಯದೆ ಅಲ್ಲೇ ಗಿರಗಿರ ತಿರುಗಿತು.

“ನೀವು ನಮ್ಮ ಕಡೆಯವರಾ?”

“ಮಾತು ನಿಮ್ಮದೇ, ಊರು ಬೇರೆ. ನಾನು ದುಭಾಷಿ. ಇವರು ಹೇಳಿದ್ದನ್ನ ನಿಮಗೆ ಹೇಳ್ತೀನಿ, ನೀವು ಹೇಳಿದ್ದನ್ನ ಇವರಿಗೆ.” ಆಮೇಲೆ ಸ್ವಲ್ಪ ತಡೆದು, ಕಣ್ಣು ಕೆಳಗೆ ಹಾಕಿ, “ನಿಮ್ಮ ಅಕ್ಷರ ತುಂಬಾ ದುಂಡಗಿದೆ ಅಮ್ಮಾ” ಎಂದಳು.

ತನ್ನ ಅಕ್ಷರ ಈ ಹುಡುಗಿ ಎಲ್ಲಿ ನೋಡಿದಳು ಎಂದು ಯೋಚಿಸುವಷ್ಟರಲ್ಲಿ ಅಧಿಕಾರಿ ಕಡತ ಬಿಚ್ಚಿದ. ಮೇಲೆಯೇ ಇತ್ತು. ನಾಲ್ಕು ಗೆರೆಗಳ ಮೇಲೆ ಅಕ್ಕನ ಹೆಸರು, ಬೀದಿ, ಊರು. ಲಕೋಟೆಯ ಬಾಯಿ ಅಚ್ಚುಕಟ್ಟಾಗಿ ಕತ್ತರಿಸಿತ್ತು. ಮೂಲೆಯಲ್ಲಿ ಕೆಂಪು ಮೊಹರು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಇನ್ನೊಂದು. ಏಳೂ. ಒಂದೊಂದರ ಹಿಂದೆಯೂ ಟೈಪು ಮಾಡಿದ ಹಾಳೆಗಳನ್ನು ಗುಂಡುಸೂಜಿಯಿಂದ ಚುಚ್ಚಿತ್ತು.

ಅಧಿಕಾರಿ ಗಂಟಲು ಸರಿಮಾಡಿಕೊಂಡು ಏನೋ ಓದಿದ. ದುಭಾಷಿ ಹೇಳಿದಳು: “ಕೆಲಸಗಾರರ ದೂರು ಪೆಟ್ಟಿಗೆಯಲ್ಲಿ ನೀವು ಹಾಕಿದ ಏಳು ದೂರು ನಮಗೆ ತಲುಪಿವೆ. ಹೆಸರು ಬರೆದಿರ್ಲಿಲ್ಲ, ಅದಕ್ಕೇ ಯಾರದು ಅಂತ ಗೊತ್ತಾಗೋಕೆ ತಡ ಆಯ್ತು. ಏಳನೇದರಲ್ಲಿ ಹೆಬ್ಬೆರಳು ಸುಟ್ಟ ವಿಷಯ ಇತ್ತು, ಅದರಿಂದ ಪತ್ತೆ ಹಚ್ಚಿದ್ರು. ಒಂದೊಂದಕ್ಕೂ ಏನು ಕ್ರಮ ತಗೊಂಡಿದ್ದೀವಿ ಅಂತ ನಿಮಗೆ ಓದಿ ಹೇಳ್ಬೇಕು, ಇಲ್ಲಿನ ನಿಯಮ ಹಾಗೆ.”

“ದೂರು?”

“ಹೂಂ.”

“ಅದು ಅಂಚೆ ಪೆಟ್ಟಿಗೆ ಅಲ್ವಾ?”

ಅಧಿಕಾರಿ ಓದತೊಡಗಿದ್ದ. ಅವನ ಅಂಗಿಯ ಮೇಲಿನಿಂದ ಎರಡನೆಯ ಗುಂಡಿಗೆ ಬೇರೆ ಬಣ್ಣದ ದಾರ ಹಾಕಿ ಹೊಲಿದಿತ್ತು. ಇವಳಿಗೆ ಆಮೇಲೆ ಎಷ್ಟೋ ಹೊತ್ತು ಕಂಡದ್ದು ಅದೊಂದೇ. ಕಂದು ದಾರ, ಬಿಳಿ ಗುಂಡಿ. ತನ್ನ ಮಾತುಗಳು ಪರರ ಭಾಷೆಗೆ ಹೋಗಿ, ಅಲ್ಲಿ ಏನೇನೋ ತೊಟ್ಟುಕೊಂಡು, ಈ ಹುಡುಗಿಯ ಬಾಯಿಂದ ವಾಪಸು ಬರುತ್ತಿದ್ದವು. ಒಂದನೆಯ ದೂರು, ಮೊದಲ ದಿನವೇ ನಿಂತು ನಿಂತು ಕಾಲು ಕಂಬವಾಗಿವೆ: ಮೇಜಿಗೊಂದು ಸ್ಟೂಲು ಒದಗಿಸಲಾಗಿದೆ. ಎರಡನೆಯದು, ನೀರು ಮುಟ್ಟಿದರೆ ಮೂಳೆಗೆ ಹಿಡಿಯುತ್ತದೆ: ರಬ್ಬರಿನ ಕೈಗವಸು ಕೊಡಲಾಗಿದೆ. ಮೂರನೆಯದು, ಇಲ್ಲಿ ಬೆಳಕಿಲ್ಲ, ಹೊರಗೂ ಇಲ್ಲ ಒಳಗೂ ಇಲ್ಲ: ಇಸ್ತ್ರಿ ಯಂತ್ರದ ಮೇಲೆ ದೀಪ ಹಾಕಿಸಲಾಗಿದೆ, ಹೊರಗಿನ ಬೆಳಕು ಸಂಸ್ಥೆಯ ವ್ಯಾಪ್ತಿಗೆ ಬರುವುದಿಲ್ಲ. ಸ್ಟೂಲು ಬಂದ ದಿನ ಅವಳಿಗೆ ನೆನಪಾಯಿತು. ಕೈಗವಸು ಬಂದ ದಿನ. ದೀಪ ಹತ್ತಿದ ದಿನ. ಕೇಳದೆಯೇ ಕೊಡುವ ಜನ ಅಕ್ಕಾ, ಎಂದು ಹಿಗ್ಗಿ ಐದನೆಯ ಕಾಗದದಲ್ಲಿ ಬರೆದಿದ್ದಳು. ಗುಮಾಸ್ತೆ ತಲೆ ಎತ್ತಿ ಅವಳನ್ನು ನೋಡಿ, ಒಳ್ಳೆಯ ಸುದ್ದಿ ಕೇಳುತ್ತಿರುವವಳನ್ನು ನೋಡುವಂತೆ ನಗುತ್ತಿದ್ದಳು.

“ನಾಲ್ಕನೇ ದೂರು,” ದುಭಾಷಿಯ ದನಿ ಸಣ್ಣದಾಯಿತು. “ಬೋರ್ಡಿನ ಮೇಲೆ ಬರೆದಿರೋದನ್ನ ಇನ್ನೂ ಒರೆಸಿಲ್ಲ, ಅದು ಹಾಗೇ ಇದ್ರೆ ನಾನಿಲ್ಲಿ ಊಟ ಮಾಡಲಾರೆ. ಕ್ರಮ ಏನಂದ್ರೆ... ಇಲಾಖೆಯ ಎಲ್ಲ ಬೋರ್ಡುಗಳನ್ನೂ ಒರೆಸಿಸಲಾಗಿದೆ.”

ಅಕ್ಕನ ಬಾಗಿಲಿನ ಸ್ಲೇಟು ಇವರಿಗೆ ಬೋರ್ಡಾಗಿತ್ತು. ಒರೆಸಿದ ಆ ದಿನವೂ ನೆನಪಿತ್ತು. ಯಾರೋ ಒಬ್ಬ ಬಕೆಟ್ಟು ಹಿಡಿದು ಬಂದು, ಪಾಳಿಯ ಬೋರ್ಡು, ಊಟದ ಬೋರ್ಡು, ಕೆಟ್ಟ ಯಂತ್ರಗಳ ಬೋರ್ಡು ಎಲ್ಲವನ್ನೂ ಒದ್ದೆ ಬಟ್ಟೆಯಿಂದ ತೊಳೆದು ಹೋಗಿದ್ದ. ಮಾರನೆಯ ದಿನ ಯಾರ ಪಾಳಿ ಯಾವಾಗ ಎಂದು ತಿಳಿಯದೆ ಎಲ್ಲರೂ ಒಟ್ಟಿಗೆ ಬಂದು ನಿಂತಿದ್ದರು; ಗಿಳಿ ಹೊಟ್ಟೆ ಹಿಡಿದು ನಕ್ಕಿದ್ದಳು, ಇವಳೂ ನಕ್ಕಿದ್ದಳು. ಈಗ ಕುರ್ಚಿಯ ಕೈ ಹಿಡಿದುಕೊಂಡಳು. ಅಂದರೆ ಒಂದೂ ಹೋಗಿಲ್ಲ. ತಲುಪಿದ ದಿನದ ಆ ಎರಡು ಸಾಲೂ ಹೋಗಿಲ್ಲ. ಎಂಟು ತಿಂಗಳಿಂದ ಅಕ್ಕ ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ ಅದನ್ನು ಓದುತ್ತಿದ್ದಾಳೆ. ನಲವತ್ತು ವರ್ಷ ನಿನ್ನ ಕಿವಿಯಾಗಿ. ಇಲ್ಲಿ ತಾನು, ಅಕ್ಕ ಕಲ್ಲು ಎಂದು ಹಲ್ಲು ಕಚ್ಚುತ್ತಾ, ಬೆಡ್‌ಶೀಟಿಗೆ ಬೆಡ್‌ಶೀಟು ಮಡಿಸುತ್ತಾ, ಏಳನೆಯ ಕಾಗದದಲ್ಲಿ ‘ನೀನು ಸತ್ತೆ ಅಂದುಕೊಳ್ಳುತ್ತೇನೆ, ಇನ್ನು ಬರೆಯುವುದಿಲ್ಲ’ ಎಂದು ಗೀಚಿ ಪೆಟ್ಟಿಗೆಗೆ ಕಿವಿಗೊಟ್ಟು ನಿಂತಿದ್ದಳು. ಯಾರಿಗೆ? ಈ ಗುಂಡಿಯವನಿಗೆ.

“ಅಮ್ಮಾ, ಕೇಳಿಸ್ತಿದೆಯಾ? ಆರನೇದು.” ದುಭಾಷಿ ನೀರಿನ ಲೋಟ ಮುಂದೆ ತಳ್ಳಿದಳು. “ಜೊತೆಯ ಕೆಲಸದವಳು ಬೆಳಗಿಂದ ಸಂಜೆವರೆಗೂ ಬಿಡದೆ ಮಾತಾಡಿ ಹಿಂಸೆ ಕೊಡ್ತಾಳೆ, ಅವಳ ಕಾಟಕ್ಕೆ ದೂರುದಾರಳು ಕಿವಿಯನ್ನೇ ಕಳೆದುಕೊಳ್ಳೋಕೆ ಬಯಸ್ತಿದ್ದಾಳೆ. ಇದನ್ನ ಗಂಭೀರ ಅಂತ ಪರಿಗಣಿಸಿ, ಆ ಕೆಲಸದವಳಿಗೆ ಲಿಖಿತ ಎಚ್ಚರಿಕೆ ಕೊಟ್ಟು, ಒರೆಸೋ ಬಟ್ಟೆ ತೊಳೆಯೋ ಶೆಡ್ಡಿಗೆ ಹಾಕಿದ್ದಾರೆ.”

ಅವಳು ಎದ್ದುಬಿಟ್ಟಳು. ಕುರ್ಚಿ ಹಿಂದಕ್ಕೆ ಬಿತ್ತು. “ನಾನು ಹಾಗೆ ಬರೆದಿಲ್ಲ! ಅಕ್ಕಾ ನಿನ್ನ ಕಿವುಡನ್ನ ನಾಲ್ಕು ದಿನ ನಂಗೆ ಕಡ ಕೊಡು, ಇಲ್ಲೊಬ್ಬಳು ಗಿಳಿ ಇದ್ದಾಳೆ ಅಂತ ಬರೆದದ್ದು. ತಮಾಷೆಗೆ! ಅಕ್ಕನಿಗೆ ನಗು ಬರ್ಲಿ ಅಂತ! ಅದರ ಕೆಳಗೇ ಬರ್ದಿದ್ದೀನಲ್ಲ, ಇವಳಿಲ್ದಿದ್ರೆ ನಾನಿಲ್ಲಿ ಹುಚ್ಚಿ ಆಗ್ತಿದ್ದೆ ಅಂತ! ಅದನ್ನ ಯಾಕೆ ಓದ್ಲಿಲ್ಲ?”

“ಓದಿದ್ದೀನಿ ಅಮ್ಮಾ. ಅದನ್ನೂ ಬರೆದುಕೊಟ್ಟಿದ್ದೀನಿ. ಇದು ಮನೆಗೆ ಬರೆದ ಕಾಗದದ ಹಾಗಿದೆ ಅಂತ ಮೇಲ್ಗಡೆ ಷರಾ ಹಾಕಿದ್ದೀನಿ, ಏಳಕ್ಕೂ. ಹೋದ ವರ್ಷ ಒಬ್ಬ ದೇವರಿಗೆ ಬರೆದು ಹಾಕಿದ್ದನಂತೆ, ಅದೂ ದೂರೇ ಆಗಿತ್ತು. ಜನ ಬೇರೆಯವರ ನೆಪ ಇಟ್ಕೊಂಡು ನಮಗೇ ಬರೀತಾರೆ ಅಂದ್ರು ಇವರು. ಕ್ರಮ ಕೈಗೊಳ್ಳೋಕೆ ಆಗೋ ಸಾಲುಗಳಿಗೆ ಮಾತ್ರ ಕೆಂಪು ಗೆರೆ ಎಳೀತಾರೆ. ಹುಚ್ಚಿ ಆಗ್ತಿದ್ದೆ ಅನ್ನೋದಕ್ಕೆ ಏನು ಕ್ರಮ ತಗೊಳ್ತಾರೆ ಹೇಳಿ?” ಹಾಗೆಂದು ಆ ಹುಡುಗಿ ತಾನೇ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. “ನಿಮ್ಮ ಅಕ್ಕನಿಗೆ ಏನಾಯ್ತೋ ಅಂತ ನಾನು ತಿಂಗಳುಗಟ್ಲೆ ಯೋಚನೆ ಮಾಡಿದೀನಿ. ನಂಗೆ ನಿಮ್ಮ ಹೆಸರೂ ಗೊತ್ತಿರ್ಲಿಲ್ಲ.”

ಅಧಿಕಾರಿ ಗಾಬರಿಯಾಗಿ ಒಬ್ಬರಾದ ಮೇಲೊಬ್ಬರ ಮುಖ ನೋಡುತ್ತಿದ್ದ. ದುಭಾಷಿ ಅವನಿಗೆ ಬಹಳ ಹೊತ್ತು ಹೇಳಿದಳು. ಅವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಮುಖ ಕಿವಿಯವರೆಗೆ ಕೆಂಪಾಯಿತು. ಕೆಟ್ಟವನಲ್ಲ ಎಂಬುದೇ ಇವಳಿಗೆ ಸಹಿಸಲಾಗದ್ದಾಯಿತು. ಬೈಯುವುದಕ್ಕೂ ಯಾರೂ ಇಲ್ಲ. ದಾಖಲಾದ ದೂರನ್ನು ಹಿಂತೆಗೆದುಕೊಳ್ಳಬೇಕಾದರೆ ಬರೆದು ಕೊಡಬೇಕಂತೆ. ಮೂಲ ಕಾಗದ ಕೊಡಲು ಬರುವುದಿಲ್ಲವಂತೆ. ಆ ಮಾತಿಗೆ ದುಭಾಷಿ ಅದೇನು ಹೇಳಿದಳೋ, ಅಷ್ಟು ಹೊತ್ತು ಸುಮ್ಮನಿದ್ದ ಗುಮಾಸ್ತೆಯೂ ಬಾಯಿ ಹಾಕಿ, ತಾನೇ ಗುಂಡುಸೂಜಿ ಕೀಳತೊಡಗಿದಳು. ಇವಳು ಬಿಳಿ ಹಾಳೆಯ ಮೇಲೆ ತನ್ನ ಅಕ್ಷರದಲ್ಲಿ ಬರೆದಳು: ಗಿಳಿ ತಪ್ಪು ಮಾಡಿಲ್ಲ. ಬರೆದದ್ದು ನನ್ನ ತಪ್ಪು. ಕೆಳಗೆ ರುಜು ಹಾಕಿದಳು. ಮನುಷ್ಯರ ಮೇಲೆ ತಾನು ಬರೆದ ಮಾತು ಎರಡೇ ಎರಡು ಸಲ ಒರೆಸದೆ ಉಳಿಯಿತು. ಎರಡು ಸಲವೂ ಒಬ್ಬೊಬ್ಬರ ಬೆನ್ನು ಮುರಿಯಿತು.

“ನಂಗೆ ಇಲ್ಲಿ ಇನ್ನೂ ಇಪ್ಪತ್ತು ನಿಮಿಷ ಇದೆ. ಏನು ಮಾಡೋಣ ಹೇಳಿ ಅಮ್ಮಾ” ಎಂದಳು ದುಭಾಷಿ, ಓಣಿಗೆ ಬಂದ ಮೇಲೆ.

ಶೆಡ್ಡು ಹಿತ್ತಲಿನಲ್ಲಿತ್ತು. ಗಿಳಿ ಮೊಣಕೈವರೆಗೆ ಬೂದು ನೀರಿನಲ್ಲಿ ಕೈ ಅದ್ದಿ ನಿಂತಿದ್ದಳು. ಅವಳಿಗೆ ಕೈಗವಸಿರಲಿಲ್ಲ. ದುಭಾಷಿ ಈ ದೇಶದ ಮಾತಿನಲ್ಲಿ, ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದಳು. ಇವಳು ವಾಪಸು ಸಿಕ್ಕ ಏಳು ಕಾಗದಗಳ ಕಟ್ಟನ್ನು ಎದೆಗವುಚಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಗಿಳಿ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಒಂದು ಸಲ ಬಾಯಿ ತೆರೆದು, ತಡವರಿಸಿ, ನಾಲ್ಕು ಮಾತು ಆಡಿದಳು.

“ಏನಂದ್ಲು?”

“ತಾನು ಮಾತಾಡಿದ್ರೆ ತಲೆ ಆಡಿಸ್ತಿದ್ದದ್ದು ನೀವೊಬ್ಬರೇ ಅಂತೆ. ತನ್ನ ಮಾತು ನಿಮಗೆ ಇಷ್ಟ ಅಂದ್ಕೊಂಡಿದ್ಲಂತೆ.”

ಇವಳು ತಲೆಯಾಡಿಸಿದಳು. ಅಭ್ಯಾಸ. ಮಾಡಿದ ಮೇಲೆ ನಾಚಿಕೆಯಾಗಿ ನಿಲ್ಲಿಸಿದಳು. ತಾನು ಸಿಕ್ಕಿಸಿಕೊಂಡು ತಿರುಗುತ್ತಿದ್ದ ರಬ್ಬರಿನ ಕೈಗವಸುಗಳನ್ನು ಸೊಂಟದಿಂದ ಎಳೆದು ತೊಟ್ಟಿಯ ಅಂಚಿನ ಮೇಲಿಟ್ಟಳು. ಗಿಳಿ ಅವನ್ನು ನೋಡಿದಳು, ಮುಟ್ಟಲಿಲ್ಲ. ದುಭಾಷಿ ಗಡಿಯಾರ ನೋಡಿಕೊಂಡು, ಅಂಚೆ ಕಚೇರಿಯ ದಾರಿ ಹೇಳಿ, ಒಂದು ಚೀಟಿಯ ಮೇಲೆ ಏನೋ ಬರೆದುಕೊಟ್ಟಳು. “ಇದು ನಮ್ಮ ದೇಶದ ಹೆಸರು, ಇಲ್ಲಿನ ಲಿಪಿಯಲ್ಲಿ. ಲಕೋಟೆ ಮೇಲೆ ಕೊನೇ ಸಾಲು ಇದೇ ಇರ್ಬೇಕು. ನೋಡ್ಕೊಂಡು ಹಾಗೇ ಬರೀರಿ, ಒಂದು ಚುಕ್ಕೆ ಬಿಡ್ಬೇಡಿ. ಮತ್ತೆ ಅಮ್ಮಾ... ಉತ್ತರ ಬಂದ್ರೆ ನಂಗೆ ತಿಳಿಸ್ತೀರಾ?” ವಿಳಾಸ ಕೊಡದೆಯೇ, ಓಡುವ ಹಾಗೆ ಹೊರಟುಹೋದಳು.

ಊಟದ ಬಿಡುವಿನ ಗಂಟೆ ಹೊಡೆಯಿತು. ಅವಳು ಗೇಟು ದಾಟಿ ಎಡಕ್ಕೆ ತಿರುಗಿದಳು. ಎಂಟು ತಿಂಗಳಲ್ಲಿ ಮನೆ ಎಂಬ ಆ ಕೋಣೆಗೂ ಆಸ್ಪತ್ರೆಗೂ ನಡುವಿನ ರಸ್ತೆ ಬಿಟ್ಟರೆ ಬೇರೆ ಯಾವುದನ್ನೂ ತುಳಿದಿರಲಿಲ್ಲ. ಹತ್ತು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಒದ್ದೆ ಕೈಯೊಂದು ಮೊಣಕೈ ಹಿಡಿದು ಅವಳನ್ನು ಬಲಕ್ಕೆ ತಿರುಗಿಸಿತು. ಗಿಳಿ. ತಿರುಗಿಸಿದ ಮೇಲೂ ಬಿಡದೆ, ಆದರೆ ಮುಖ ನೋಡದೆ, ಪಕ್ಕದಲ್ಲೇ ನಡೆದಳು. ಎರಡು ಬೀದಿ ದಾಟಿದರು, ಸೇತುವೆ ದಾಟಿದರು, ಗಿಳಿ ತುಟಿ ಬಿಚ್ಚಲಿಲ್ಲ. ಈ ದೇಶದಲ್ಲಿ ಈ ಮೌನದಷ್ಟು ದೊಡ್ಡ ಸದ್ದು ತನ್ನ ಕಿವಿಗೆ ಬಿದ್ದದ್ದೇ ಇಲ್ಲ ಎಂದು ಇವಳಿಗೆ ಅನ್ನಿಸಿತು. ಅಕ್ಕನಿಗೆ ಜಗತ್ತೆಲ್ಲ ಹೀಗೆಯೇ ಇರುತ್ತಿತ್ತೇನೋ: ಜನ ಪಕ್ಕದಲ್ಲೇ ಇರುತ್ತಾರೆ, ಮಾತು ಮಾತ್ರ ಕೇಳಿಸುವುದಿಲ್ಲ.

ಅಂಚೆ ಕಚೇರಿಯಲ್ಲಿ ದೊಡ್ಡ ಲಕೋಟೆ ಕೊಂಡು, ಬಾಗಿಲ ಬಳಿಯ ಎತ್ತರದ ಮೇಜಿನ ಮೇಲೆ ಏಳನ್ನೂ ಹರಡಿಕೊಂಡಳು. ಏಳನೆಯದನ್ನು ತೆಗೆದಿಡಲೇ ಎಂದು ಕೈ ಹೋಯಿತು. ನೀನು ಸತ್ತೆ ಅಂದುಕೊಳ್ಳುತ್ತೇನೆ. ಹರಿದು ಬುಟ್ಟಿಗೆ ಹಾಕಿದರೆ ಮುಗಿಯಿತು, ಬುಟ್ಟಿ ಅಲ್ಲೇ ಇತ್ತು. ಅದರ ಮೇಲೂ ಅದೇ ಕೆಂಪು ಮೊಹರು, ಅದೇ ಗುಂಡುಸೂಜಿಯ ತೂತು. ಕಚೇರಿಯವರೆಲ್ಲ ಓದಿದ್ದನ್ನು ಅಕ್ಕನೊಬ್ಬಳಿಂದ ಬಚ್ಚಿಡುವುದೇ? ಅದನ್ನು ತಿರುಗಿಸಿ, ಬೆನ್ನಿನ ಖಾಲಿ ಜಾಗದಲ್ಲಿ ಬರೆದಳು: ಅಕ್ಕಾ, ತಲುಪಿದ ದಿನವೇ ಬರೆದೆ. ತಪ್ಪು ಪೆಟ್ಟಿಗೆಗೆ ಹಾಕಿದೆ. ಇದರ ಮುಂಭಾಗದಲ್ಲಿ ಇರುವುದನ್ನು ಓದು, ಆಮೇಲೆ ಒದ್ದೆ ಅಂಗೈಯಿಂದ ಒರೆಸು, ಶಾಯಿ ಹೋಗುತ್ತದೆ. ಬಾಗಿಲಿನದನ್ನೂ. ಎರಡು ಸಾಲೆಂದು ಹೊರಟು ಐದಾಗಿತ್ತು.

ಲಕೋಟೆಯ ಮೇಲೆ ವಿಳಾಸ ಬರೆದು, ಕೊನೆಯ ಸಾಲನ್ನು ಚೀಟಿ ನೋಡಿಕೊಂಡು ಚಿತ್ರದಂತೆ ಬಿಡಿಸತೊಡಗಿದಳು. ಒಂದು ಅಕ್ಷರಕ್ಕೆ ಕೊಂಬು ಎಳೆಯುವಾಗ ಗಿಳಿಯ ಬೆರಳು ಬಂದು ಅಲ್ಲಿ ತಡೆಯಿತು, ಚೀಟಿಯಲ್ಲಿದ್ದ ಚುಕ್ಕೆಯೊಂದನ್ನು ತೋರಿಸಿತು. ಅವಳು ಆ ಚುಕ್ಕೆ ಇಟ್ಟಳು.

ಕಿಂಡಿಯ ಒಳಗಿದ್ದವನು ತೂಗಿದ, ಅಂಚೆಚೀಟಿ ಹಚ್ಚಿದ, ಮುದ್ರೆ ಒತ್ತಿದ. ಅವನ ಹಿಂದೆ ಬಾಯಿ ತೆರೆದ ದೊಡ್ಡ ಗೋಣಿ ನಿಂತಿತ್ತು. ನೋಡದೆಯೇ ಬೆನ್ನ ಹಿಂದಕ್ಕೆ ಎಸೆದ. ಅವಳು ಕಿಂಡಿಯ ಸರಳಿಗೆ ಕಿವಿಗೊಟ್ಟು ನಿಂತಳು. ಸದ್ದಾಗಲಿಲ್ಲ. ಬೇರೆಯವರ ಕಾಗದಗಳು ಅಷ್ಟೊಂದು ತುಂಬಿದ್ದವು.